ಎಣಿಕೆಗೆ ಮೀರಿದ ಮೂರು ಶಿಲುಬೆ

2012ನೇ ಇಸವಿ ಮೇ 22, ಮಂಗಳವಾರ. ಬೆಳಗ್ಗೆ 9.40ಕ್ಕೆ ವಿಲ್ಮಾ ಟೋರ್ಗರ್ಸನ್ ಹಾಲೋ ಬೆಂಡ್ ಪೊಲೀಸ್ ಠಾಣೆಯ ಬಾಗಿಲನ್ನು ಬೆನ್ನಿನಿಂದ ತಳ್ಳಿಕೊಂಡು ಒಳಗೆ ಬಂದರು. ಎರಡೂ ಕೈ ತುಂಬ ಫೋಟೋ ಆಲ್ಬಮ್ಮುಗಳು.

ಠಾಣಾಧಿಕಾರಿ ಕಾರ್ಪೊರಲ್ ಲಾಯ್ಡ್ ಡೆಜಾರ್ಲೆ ಎದ್ದು ಕುರ್ಚಿ ಎಳೆದುಕೊಟ್ಟ. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಈ ಹೆಂಗಸು, ಹಿಮ ಕರಗಿದ ದಿನದಿಂದ ಹಿಮ ಬೀಳುವ ದಿನದವರೆಗೆ ಬಯಲಿನ ಹಳೆಯ ಸ್ಮಶಾನಗಳನ್ನು ಸುತ್ತಿ ಒಂದೊಂದು ಗೋರಿಯ ಫೋಟೋ ತೆಗೆಯುತ್ತಾರೆಂದು ಸುತ್ತಲಿನ ನಾಲ್ಕು ತಾಲ್ಲೂಕಿಗೂ ಗೊತ್ತಿತ್ತು. ಕಾರಿನ ಹಿಂಭಾಗದಲ್ಲಿ ಮೃದು ಬ್ರಷ್ಷು, ನೀರಿನ ಸೀಸೆ, ಒಂದು ದೊಡ್ಡ ಕನ್ನಡಿ. ಸವೆದ ಅಕ್ಷರದ ಮೇಲೆ ಓರೆಯಾಗಿ ಬಿಸಿಲು ಬೀರಲು ಕನ್ನಡಿ.

"ಯಾರ ಮೇಲೆ ದೂರು ವಿಲ್ಮಾ?"

"ಗೊತ್ತಿಲ್ಲ."

"ಏನು ಕಳುವಾಗಿದೆ?"

"ಏನೂ ಕಳುವಾಗಿಲ್ಲ. ಹೆಚ್ಚಾಗಿದೆ."

ಬರೆಯಲು ಕುಳಿತಿದ್ದ ಕಾನ್‌ಸ್ಟೇಬಲ್ ಬ್ರೆಂಡಾ ಫ್ರೀಸನ್ ಪೆನ್ನೆತ್ತಿದಳು. ವಿಲ್ಮಾ ಎರಡು ಫೋಟೋಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರು. ಎರಡನ್ನೂ ಜೆಲೆನಾ ದಿಬ್ಬದ ಸ್ಮಶಾನದ ಗೇಟಿನ ಕಂಬಕ್ಕೆ ಒರಗಿ ಒಂದೇ ಜಾಗದಿಂದ ತೆಗೆದಿದ್ದರು.

"ಹೋದ ಅಕ್ಟೋಬರ್ ಎಂಟನೇ ತಾರೀಕು ಎಣಿಸಿದಾಗ ನಲವತ್ತೊಂದು ಗುರುತು. ನಿನ್ನೆ ಎಣಿಸಿದ್ರೆ ನಲವತ್ತನಾಲ್ಕು. ಈ ಮಧ್ಯೆ ಜೆಲೆನಾದಲ್ಲಿ ಯಾರೂ ಸತ್ತಿಲ್ಲ ಲಾಯ್ಡ್. ಸಾಯೋಕೆ ಅಲ್ಲಿ ಯಾರೂ ಉಳಿದೇ ಇಲ್ಲ."

"ಎಣಿಕೆ ತಪ್ಪಿರಬಹುದು."

"ಮೂವತ್ತೊಂದು ವರ್ಷ ಸ್ಟ್ಯಾಂಪ್ ಎಣಿಸಿದ್ದೀನಿ. ಒಂದು ದಿನ ತಪ್ಪಿಲ್ಲ."

ಡೆಜಾರ್ಲೆ ಎಡಗಡೆಯ ಫೋಟೋದಲ್ಲಿದ್ದ ಬರಿ ಹುಲ್ಲನ್ನೂ ಬಲಗಡೆಯದರಲ್ಲಿ ಅದೇ ಹುಲ್ಲಿನ ಮೇಲೆ ನಿಂತಿದ್ದ ಮೂರು ಬಿಳಿ ಶಿಲುಬೆಗಳನ್ನೂ ನೋಡಿದ. ಯಾರಿಗೂ ಗೊತ್ತಿಲ್ಲದ ಹೊಸ ಗೋರಿ ಎಂದರೆ ಪೊಲೀಸಿನವನ ತಲೆಗೆ ಮೊದಲು ಬರುವ ಯೋಚನೆ ಒಂದೇ. 10.05ಕ್ಕೆ ಪ್ರಥಮ ವರ್ತಮಾನ ದಾಖಲಾಯಿತು. 10.30ಕ್ಕೆ ಮೂವರನ್ನೂ ಹೊತ್ತು ಜೀಪು ಹೊರಟಿತು.

*

ಉಕ್ರೇನಿನಿಂದ ವಲಸೆ ಬಂದವರ ಊರಾಗಿದ್ದ ಜೆಲೆನಾದಲ್ಲಿ ಈಗ ಉಳಿದಿರುವುದು ಒಂದು ದಿಬ್ಬ, ಅದರ ಮೇಲೆ ಒಂಟಿ ಗುಮ್ಮಟದ ಉಕ್ರೇನಿಯನ್ ಚರ್ಚು, ಪಕ್ಕದಲ್ಲಿ ಮರದ ಗಂಟೆಗೋಪುರ, ಹಿಂದೆ ಸ್ಮಶಾನ. ಚರ್ಚು ಮುಚ್ಚಿ ಇಪ್ಪತ್ತೈದು ವರ್ಷವಾಗಿತ್ತು. ಬೀಗದ ಕೈ ಇದ್ದದ್ದು ಓಲ್ಗ ಹ್ರಿಟ್ಸಾಕ್ ಎಂಬ ಎಂಬತ್ತೊಂದರ ಅಜ್ಜಿಯ ಬಳಿ. ಸ್ಮಶಾನ ಸಮಿತಿಯ ಅಧ್ಯಕ್ಷೆ, ಕಾರ್ಯದರ್ಶಿ, ಸದಸ್ಯೆ ಎಲ್ಲ ಆಕೆಯೇ. ಫೋನು ಮಾಡಿದ ಅರ್ಧ ಗಂಟೆಯಲ್ಲಿ ತನ್ನ ಹಳೆಯ ಕಾರನ್ನು ದೂಳೆಬ್ಬಿಸಿಕೊಂಡು ಓಡಿಸಿಕೊಂಡು ಬಂದಳು.

ಡೆಜಾರ್ಲೆ ಅಷ್ಟರಲ್ಲಿ ಮೊದಲ ಶಿಲುಬೆಯ ಹಿಂದೆ ಟೋಪಿ ತೆಗೆದು ಮರ್ಯಾದೆಯಿಂದ ನಿಂತಿದ್ದ.

"ಏನಪ್ಪಾ ಪೊಲೀಸು, ಎಲ್ಲಿ ನಿಂತಿದ್ದೀಯ ನೋಡ್ಕೊ. ಹೆಣದ ಹೊಟ್ಟೆ ಮೇಲೆ."

ಅವನು ಹಾರಿ ಪಕ್ಕಕ್ಕೆ ಸರಿದ. "ಶಿಲುಬೆ ತಲೆದಿಕ್ಕಿಗಲ್ವಾ ಇರೋದು?"

"ಅದು ನಿಮ್ಮಲ್ಲಿ. ನಮ್ಮಲ್ಲಿ ಕಾಲ ಹತ್ತಿರ. ಕೊನೇ ದಿನ ಎದ್ದು ಕೂತಾಗ ಕಣ್ಣೆದುರಿಗೆ ಕಾಣಬೇಕು. ತಲೆ ಹಿಂದೆ ಇಟ್ರೆ ಕತ್ತು ತಿರುಗಿಸಿ ನೋಡ್ಬೇಕಾ ಪಾಪ?"

ಡೆಜಾರ್ಲೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ಮೂರೂ ಶಿಲುಬೆ ಕಾಲ ಬಳಿ. ನೆಟ್ಟವನು ಹೊರಗಿನವನಲ್ಲ.

ಬ್ರೆಂಡಾ ಒಂದು ಉದ್ದ ಸರಳು ತಂದು ಶಿಲುಬೆಗಳ ಸುತ್ತ ಅಡಿಗೊಂದು ಕಡೆ ಚುಚ್ಚಿ ನೋಡಿದಳು. ಎಲ್ಲೆಲ್ಲೂ ನೆಲ ಗಟ್ಟಿ, ಹುಲ್ಲಿನ ಬೇರು ಹಳೆಯದು. ಅಗೆದಿದ್ದದ್ದು ಶಿಲುಬೆಯ ಬುಡದಲ್ಲಿ ಮಾತ್ರ. ಅಲ್ಲೂ ಗುಂಡಿ ಬಟ್ಟಲಿನಂತೆ ದುಂಡಗೆ, ನಾಲ್ಕಡಿ ಆಳ. ತುಂಬಿದ ಮಣ್ಣನ್ನು ಪದರ ಪದರವಾಗಿ ಗುದ್ದಿದ್ದರು.

"ಹೊಸ ಹೆಣ ಇಲ್ಲ ಸರ್," ಎಂದಳು ಬ್ರೆಂಡಾ. ದನಿಯಲ್ಲಿ ನಿರಾಳ.

ಶಿಲುಬೆಗಳು ಸಿಮೆಂಟಿನವು. ಅಂಚಿನ ಸುತ್ತ ನೀಲಿ-ಹಸಿರು ಗಾಜಿನ ದಪ್ಪ ಚೂರುಗಳನ್ನು ಕೂರಿಸಿದ್ದರು. ನಡುವೆ ಉಕ್ರೇನಿಯನ್ ಅಕ್ಷರ. ಓದಬಲ್ಲವಳು ಓಲ್ಗಜ್ಜಿ ಒಬ್ಬಳೇ. ಕನ್ನಡಕ ಏರಿಸಿ ಜೋರಾಗಿ ಓದಿದಳು.

"ಯುರ್ಕೊ ಪಾಲಿಯ್ಚುಕ್, ಸಾವಿರದ ಒಂಬೈನೂರ ಇಪ್ಪತ್ತೆಂಟು. ಅಯ್ಯೋ, ಬಾವಿ ತೋಡುವಾಗ ಸತ್ತ ಯುರ್ಕೊ! ಇದು, ಮಾರಿಯ ಮತ್ತು ಅವಳ ಹಸುಗೂಸು, ಮೂವತ್ತೊಂದು..."

ಮೂರನೆಯದರ ಮುಂದೆ ನಿಂತಳು. ವಿಲ್ಮಾ ತೋಳು ಹಿಡಿಯುವ ಮೊದಲೇ ನಿಧಾನವಾಗಿ ಹುಲ್ಲಿನ ಮೇಲೆ ಕುಳಿತಳು.

"ಏನಿದೆ ಅಜ್ಜಿ?" ಎಂದಳು ಬ್ರೆಂಡಾ.

"ಸ್ಟೆಫಾನಿಯ. ನನ್ನ ತಂಗಿ."

*

ಆಕೆಯ ಹೇಳಿಕೆಯನ್ನು ಅಲ್ಲೇ ಚರ್ಚಿನ ಮೆಟ್ಟಿಲ ಮೇಲೆ ಕುಳಿತು ಬರೆದುಕೊಂಡರು. ಸ್ಟೆಫಾನಿಯ 1937ರ ಮಾರ್ಚಿನಲ್ಲಿ ಗಂಟಲಮಾರಿಯಿಂದ ಸತ್ತಳು, ನಾಲ್ಕು ವರ್ಷ. ಅಪ್ಪ ಮರದ ಶಿಲುಬೆ ನೆಟ್ಟ. 1954ರ ಏಪ್ರಿಲಿನಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ಪಡುವಣ ಭಾಗದ ಇಪ್ಪತ್ತಮೂರು ಮರದ ಶಿಲುಬೆಗಳೂ ಬೂದಿಯಾದವು. ಮುಂದಿನ ಬೇಸಿಗೆಗೆ ಹುಲ್ಲು ಮತ್ತೆ ಬಂತು. ಯಾರು ಎಲ್ಲಿದ್ದಾರೆ ಎಂಬುದು ಮಾತ್ರ ಬರಲಿಲ್ಲ.

"ಬೆಂಕಿ ಹೇಗೆ ಬಿತ್ತು?"

"ರೈಲಿನ ಕಿಡಿ. ಆ ದರಿದ್ರ ಗೂಡ್ಸು ಗಾಡಿ. ನಮ್ಮಪ್ಪ ಹನ್ನೊಂದು ವರ್ಷ ರೈಲಿನವರಿಗೆ ಕಾಗದ ಬರೆದ. ಒಂದಕ್ಕೂ ಉತ್ತರ ಇಲ್ಲ. ಈಗಲೂ ಗಾಡಿ ಕೂಗಿದ್ರೆ ನಾನು ಕಿಟಕಿ ತೆಗೆದು ಎರಡು ಮಾತು ಬೈದೇ ಮುಚ್ಚೋದು."

ಪ್ರತಿ ವರ್ಷ ಜೂನಿನಲ್ಲಿ ಒಂದು ಭಾನುವಾರ ಪಾದ್ರಿ ಬಂದು ಗೋರಿಯಿಂದ ಗೋರಿಗೆ ನಡೆದು, ಹೆಸರು ಹಿಡಿದು ಹಾಡಿ, ತೀರ್ಥ ಚಿಮುಕಿಸುತ್ತಾರೆ. ಮನೆಯವರು ತಮ್ಮವರ ಗೋರಿಯ ಮೇಲೆ ಹೆಣೆದ ರೊಟ್ಟಿ ಇಡುತ್ತಾರೆ. ಓಲ್ಗಜ್ಜಿ ತಾಯಿಯ ಗೋರಿಗೆ ಒಂದು ಇಟ್ಟು, ಇನ್ನೊಂದನ್ನು ಐವತ್ತೆಂಟು ವರ್ಷದಿಂದ ಪಡುವಣ ಬೇಲಿಯ ಕಂಬದ ಕೆಳಗೆ ಇಟ್ಟು ಬರುತ್ತಿದ್ದಳು.

"ಅಮ್ಮ ಸಾಯುವಾಗ ಕೇಳಿದ್ದು ಒಂದೇ. ಮಗು ಎಲ್ಲಿದೆ ಅಂತ ಸಿಕ್ತೇನೇ ಅಂತ." ಅಜ್ಜಿ ಡೆಜಾರ್ಲೆಯ ಕಡೆ ತಿರುಗಿದಳು. "ಇದು ನಿಜವಾ ಅಷ್ಟು ಹೇಳಪ್ಪ. ಯಾರೋ ಆಟಕ್ಕೆ ನೆಟ್ಟಿದ್ರೆ ಈಗಲೇ ಹೇಳಿಬಿಡು. ನಿಜ ಆದ್ರೂ ಹೇಳು."

ಮರುದಿನ ಪಾದ್ರಿ ಬೊಹ್ದಾನ್ ಫೋನಿನಲ್ಲಿ ತಮ್ಮ ಮಾತು ತಿಳಿಸಿದರು. ಈ ಸಲದ ಪ್ರಾರ್ಥನೆ ಜೂನ್ 10ರ ಭಾನುವಾರ. ಯಾರು ನೆಟ್ಟರು, ಯಾವ ಆಧಾರದ ಮೇಲೆ ಎಂದು ಗೊತ್ತಾಗದೆ ಆ ಹೆಸರುಗಳನ್ನು ಹಾಡಲಾಗದು. ಅಷ್ಟರೊಳಗೆ ತಿಳಿಯದಿದ್ದರೆ ಮೂರನ್ನೂ ಕಿತ್ತು ಚರ್ಚಿನೊಳಗೆ ಒರಗಿಸಿಡಬೇಕು.

"ಹದಿನೆಂಟು ದಿನ ಇದೆ," ಎಂದ ಡೆಜಾರ್ಲೆ.

*

ಮೇ 25. ಡೆಜಾರ್ಲೆ ಓಲ್ಗಜ್ಜಿಯ ಮನೆಗೆ ಹೋದ. ಗಸಗಸೆ ತುಂಬಿದ ಸುರುಳಿ ರೊಟ್ಟಿ ಎರಡು ತುಂಡು ತಿನ್ನದೆ ತನಿಖೆ ಮುಂದುವರಿಯುವಂತಿರಲಿಲ್ಲ. ಗೋಡೆಯ ಮೇಲೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಒಂದು ಪುಟ್ಟ ಹುಡುಗಿ, ಕಣ್ಣು ಮುಚ್ಚಿದ್ದಳು.

"ಇದು..."

"ಹೂಂ. ಪೆಟ್ಟಿಗೆಯಲ್ಲಿ ಮಲಗಿಸಿರೋದು. ಹೂಳೋ ಮುಂಚೆ ಎಲ್ಲರೂ ಸುತ್ತ ನಿಂತು ಫೋಟೋ ತೆಗೆಸ್ತಿದ್ರು ಆಗ. ಊರಿಂದ ಊರಿಗೆ ಹೋಗೋ ಫೋಟೋದವನು ಒಬ್ಬ ಬರ್ತಿದ್ದ. ಬಿಟ್ಟು ಬಂದ ದೇಶದಲ್ಲಿರೋ ಅಜ್ಜ ಅಜ್ಜಿಗೆ ಕಳಿಸೋಕೆ."

"ಮಿಕ್ಕವರು ಎಲ್ಲಿ? ನೀವು, ನಿಮ್ಮ ಅಪ್ಪ ಅಮ್ಮ?"

"ಅಮ್ಮ ಕತ್ತರಿಸಿದಳು. ಚೌಕಟ್ಟಿಗೆ ಹಿಡಿಸಲಿಲ್ಲ. ಅವಳಿಗೆ ಬೇಕಿದ್ದದ್ದು ಮುಖ ಒಂದೇ."

ಠಾಣೆಗೆ ಮರಳಿ ಇದನ್ನು ಹೇಳುತ್ತಿದ್ದಾಗ ಬ್ರೆಂಡಾ ಸಟ್ಟನೆ ಎದ್ದು ಕಡತದ ಕಪಾಟು ತೆಗೆದಳು. ಹೋದ ನವೆಂಬರಿನ ದೂರು. ಹಳೆಯ ಶಾಲೆಯ ಕಟ್ಟಡದಲ್ಲಿರುವ ಊರಿನ ಮ್ಯೂಸಿಯಮ್ಮಿನಿಂದ ಒಂದು ಮರದ ಪೆಟ್ಟಿಗೆ ಕಾಣೆ. ಒಳಗೆ ಇಪ್ಪತ್ತಾರು ಗಾಜಿನ ಫೋಟೋ ಫಲಕಗಳು, ಹಿಂದಿನ ಕಾಲದ ನೆಗೆಟಿವ್‌ಗಳು. ವಿವರಣೆಯ ಕಾಲಮ್ಮಿನಲ್ಲಿ ಮ್ಯೂಸಿಯಂ ನೋಡಿಕೊಳ್ಳುವ ಡೋರೀನ್ ಬರೆದಿದ್ದಳು: 'ಉಕ್ರೇನಿಯನ್ ಶವಸಂಸ್ಕಾರಗಳು.'

"ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ ಸರ್. ಹೆಣದ ಫೋಟೋ ಯಾರಿಗೆ ಬೇಕು ಅಂತ ನಕ್ಕಿದ್ವಿ."

"ಚೌಕಟ್ಟಿಗೆ ಹಿಡಿಸದೇ ಇದ್ದದ್ದೆಲ್ಲ ಆ ಗಾಜಿನಲ್ಲಿದೆ," ಎಂದ ಡೆಜಾರ್ಲೆ. ಒಂದು ಕ್ಷಣ ಬಿಟ್ಟು, "ಹಿಂದುಗಡೆ ಚರ್ಚೂ ಇರುತ್ತೆ," ಎಂದ.

ಉಳಿದದ್ದು ಕದ್ದವನ ಹೆಸರು. ಅದನ್ನು ಕೊಟ್ಟದ್ದು ವಿಲ್ಮಾಳ ಕನ್ನಡಿ. ಮೇ 31ರಂದು ಆಕೆ ಶಿಲುಬೆಯ ಗಾಜಿನ ಚೂರುಗಳನ್ನು ಹತ್ತಿರದಿಂದ ತೆಗೆದ ಫೋಟೋಗಳನ್ನು ದೊಡ್ಡದು ಮಾಡಿಸಿ ತಂದರು. ಓರೆ ಬಿಸಿಲಿನಲ್ಲಿ ಒಂದು ಚೂರಿನ ಮೇಲೆ ತಿರುಪಿನ ಗೆರೆ ಸ್ಪಷ್ಟವಾಗಿ ಎದ್ದಿತ್ತು.

"ಉಪ್ಪಿನಕಾಯಿ ಬಾಟಲಿ ಕಂಠ," ಎಂದಳು ಬ್ರೆಂಡಾ.

"ಬಾಟಲಿಗೆ ತಿರುಪು ಹೊರಗಡೆ ಇರುತ್ತೆ. ಇದು ಒಳಮೈ." ಡೆಜಾರ್ಲೆ ಫೋಟೋವನ್ನು ಹೊರಳಿಸಿ ಹೊರಳಿಸಿ ನೋಡಿದ. ಅವನ ಅಜ್ಜಿಯ ಮನೆಯ ಕಿಟಕಿಯಲ್ಲಿ ಇಂಥದೊಂದು ಇತ್ತು, ಗಾಜಿನ ಗಂಟೆಯಂತೆ, ಬಿಸಿಲು ಬಿದ್ದರೆ ನೆಲದ ಮೇಲೆ ಹಸಿರು ಚೆಲ್ಲುವಂಥದು. "ಟೆಲಿಫೋನ್ ಕಂಬದ ಗಾಜಿನ ಗುಬ್ಬೆ. ಮರದ ಗೂಟಕ್ಕೆ ತಿರುಗಿಸಿ ಕೂರಿಸ್ತಾರೆ, ತಂತಿ ಕಟ್ಟೋಕೆ."

ದುಂಡನೆಯ ನಾಲ್ಕಡಿ ಗುಂಡಿ. ಪದರ ಪದರವಾಗಿ ಗುದ್ದಿದ ಮಣ್ಣು. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುವ ನೆಲ ಮೇಲೆತ್ತದಂತೆ ಕಂಬ ನೆಡುವವರು ಹಾಗೆ ನೆಡುತ್ತಾರೆ. ಹಾಲೋ ಬೆಂಡಿನಲ್ಲಿ ಮೂವತ್ತನಾಲ್ಕು ವರ್ಷ ಟೆಲಿಫೋನ್ ಕಂಬ ನೆಟ್ಟವನು, ಇನ್ನೂ ಬದುಕಿರುವವನು, ಒಬ್ಬನೇ ಇದ್ದ.

*

ಜೂನ್ 5, ಬೆಳಗ್ಗೆ 10.50. ವಾಸಿಲ್ ಕಿಂದ್ರಾಚುಕ್, ವಯಸ್ಸು ಎಪ್ಪತ್ತೇಳು, ಹೆಂಡತಿ ತೀರಿದ ಮೇಲೆ ಒಬ್ಬನೇ ಇದ್ದ. ಅವನ ಮನೆಯ ಗೇಟಿನ ಉದ್ದಕ್ಕೂ ನೀಲಿ-ಹಸಿರು ಗುಬ್ಬೆಗಳು. ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದವರು ಯಾರೂ ಅವನ್ನು ನೋಡಿರಲಿಲ್ಲ ಎಂದಲ್ಲ. ನೋಡಿ ನೋಡಿ ಕಣ್ಣಿಗೆ ಬೀಳುವುದು ನಿಂತುಹೋಗಿತ್ತು.

"ಗಾಜಿನ ವಿಷಯ ಕೇಳೋಕೆ ಬಂದೆ ವಾಸಿಲ್."

"ಬಾ. ಕಾಫಿ ಇದೆ. ತಡ ಮಾಡಿದೆ ನೀನು. ಎರಡು ವಾರದಿಂದ ದಿನಾ ಗಡ್ಡ ಬೋಳಿಸ್ಕೊಂಡು ಕಾಯ್ತಿದ್ದೀನಿ."

ಕೊಟ್ಟಿಗೆಯ ಕಿಟಕಿಗೆ ಒಂದು ಗಾಜಿನ ಫಲಕವನ್ನು ಒರಗಿಸಿದ್ದ. ಬೆಳಕು ಹಾದು ಕಪ್ಪು ಬಿಳಿ ತಿರುವುಮುರುವಾದ ಮುಖಗಳು ತೇಲುತ್ತಿದ್ದವು. ಮೇಜಿನ ಮೇಲೆ ಮರದ ಅಚ್ಚು, ಅದರಲ್ಲಿ ಒಣಗಿದ ನಾಲ್ಕನೆಯ ಶಿಲುಬೆ. ಪೆಟ್ಟಿಗೆಯಲ್ಲಿ ಉಳಿದ ಇಪ್ಪತ್ತೈದು ಫಲಕವೂ ಹಳೆಯ ಉಣ್ಣೆ ಕಾಲುಚೀಲಗಳಲ್ಲಿ ಒಂದೊಂದಾಗಿ ಸುತ್ತಿ ಇದ್ದವು. ಒಂದೂ ಒಡೆದಿರಲಿಲ್ಲ.

"ಮ್ಯೂಸಿಯಮ್ಮಿನಿಂದ ತೆಗೆದದ್ದು ನೀನೇನಾ?"

"ನಾನೇ."

"ಬೀಗ ಮುರಿದೆಯಾ?"

"ಬೀಗ ಯಾಕೆ ಮುರೀಲಿ? ಹಿಂಬಾಗಿಲು ಎತ್ತಿ ತಳ್ಳಿದ್ರೆ ತೆಗೆಯುತ್ತೆ. ಶಾಲೆ ಇದ್ದಾಗಿನಿಂದ ಹಾಗೇ."

"ಕೇಳಿದ್ರೆ ಡೋರೀನ್ ಕೊಡ್ತಿದ್ದಳಲ್ಲ."

ವಾಸಿಲ್ ಕಾಫಿ ಲೋಟವನ್ನು ಕೆಳಗಿಟ್ಟ.

"ಬೆಂಕಿ ರೈಲಿಂದಲ್ಲ ಕಾರ್ಪೊರಲ್. ನನ್ನಿಂದ. ಹತ್ತೊಂಬತ್ತು ವರ್ಷ ನನಗಾಗ. ಸಮಿತಿಯವರು ವಸಂತಕ್ಕೆ ಸ್ಮಶಾನ ಚೊಕ್ಕ ಮಾಡು ಅಂದ್ರು. ಎಲ್ಲರೂ ಮಾಡೋ ಹಾಗೆ ಒಣ ಹುಲ್ಲಿಗೆ ಬೆಂಕಿ ಹಾಕಿದೆ. ಗಾಳಿ ತಿರುಗಿತು. ಅದೇ ಹೊತ್ತಿಗೆ ಗಾಡಿ ಹೋಯ್ತು. ಜನ ಓಡಿ ಬಂದವರು ರೈಲು ರೈಲು ಅಂದ್ರು. ನಾನು ಬಾಯಿ ಬಿಡಲಿಲ್ಲ. ಒಂದು ದಿನ ಬಿಡಲಿಲ್ಲ, ಆಮೇಲೆ ಬಿಡೋಕೆ ಆಗಲಿಲ್ಲ."

11.20ಕ್ಕೆ ಕಳವಿನ ಆರೋಪದ ಮೇಲೆ ಬಂಧಿಸಿರುವುದಾಗಿ ಡೆಜಾರ್ಲೆ ಅವನಿಗೆ ಓದಿ ಹೇಳಿದ. ವಾಸಿಲ್ ತಲೆಯಾಡಿಸಿ, ಒಲೆ ಆರಿಸಿ, ಟೋಪಿ ಹಾಕಿಕೊಂಡ.

"ಪೆಟ್ಟಿಗೇನ ಹಿಂದಿನ ಸೀಟಲ್ಲಿಡಿ," ಎಂದ ಬ್ರೆಂಡಾಗೆ. "ನಾನು ಮಡಿಲಲ್ಲಿ ಹಿಡ್ಕೊಂಡು ಕೂರ್ತೀನಿ. ಜೀಪು ಕುಲುಕುತ್ತೆ."

*

ಆದರೆ ಅಜ್ಜಿ ಕೇಳಿದ್ದ ಪ್ರಶ್ನೆಗೆ ಬಂಧನದಿಂದ ಉತ್ತರ ಬರಲಿಲ್ಲ. ಜೂನ್ 7, ಸಂಜೆ 6ಕ್ಕೆ ಆರೋಪಿಯನ್ನು ಜೆಲೆನಾಕ್ಕೆ ಕರೆದೊಯ್ದು ಸ್ಥಳ ಪಂಚನಾಮೆ ಮಾಡಿದರು. ಪಂಚರಾಗಿ ಸಹಿ ಹಾಕಲು ವಿಲ್ಮಾ ಮತ್ತು ಓಲ್ಗಜ್ಜಿ. ಪಾದ್ರಿಯೂ ಬಂದಿದ್ದರು. ಬೆಂಕಿಯ ವಿಷಯವನ್ನು ಡೆಜಾರ್ಲೆ ಹೇಳಲು ಬಾಯಿ ತೆರೆದ, ವಾಸಿಲ್ ಕೈ ಅಡ್ಡ ಹಿಡಿದ. ತಾನೇ ಹೇಳಿದ, ಟೋಪಿ ಕೈಯಲ್ಲಿ ಹಿಡಿದು, ಅಜ್ಜಿಯ ಎದುರು ನಿಂತು.

ಓಲ್ಗಜ್ಜಿ ತನ್ನ ಕೋಲಿನ ಮೇಲೆ ಎರಡೂ ಕೈ ಊರಿದಳು.

"ಐವತ್ತೆಂಟು ವರ್ಷ," ಎಂದಳು. "ಐವತ್ತೆಂಟು ವರ್ಷ ಪಾಪದ ರೈಲಿಗೆ ಬೈದೆನಲ್ಲೋ ವಾಸಿಲ್! ನಮ್ಮಪ್ಪ ಹನ್ನೊಂದು ವರ್ಷ ಸ್ಟ್ಯಾಂಪಿಗೆ ಸುರಿದ. ನಮ್ಮನೆ ಮದುವೆಗಳಲ್ಲಿ ಕೂತು ಉಂಡೆಯಲ್ಲೋ ನೀನು!"

"ಉಂಡೆ."

"ಗಂಟಲಲ್ಲಿ ಇಳೀತಾ?"

"ಇಳೀಲಿಲ್ಲ ಓಲ್ಗ."

"ಸುಳ್ಳು. ಎರಡೆರಡು ಸಲ ಹಾಕಿಸ್ಕೊಂಡಿದ್ದು ನಾನೇ ನೋಡಿದ್ದೀನಿ." ಅವಳು ಕೋಲನ್ನು ನೆಲಕ್ಕೆ ಕುಟ್ಟಿದಳು. "ಎಲ್ಲಿ, ತೋರ್ಸು. ಹೇಗೆ ಕಂಡುಹಿಡಿದೆ ತೋರ್ಸು. ಬೈಯೋದು ಆಮೇಲೆ ಇದೆ."

ವಾಸಿಲ್ 1937ರ ಫಲಕವನ್ನು ಆಕಾಶಕ್ಕೆ ಹಿಡಿದ. ಅಂಚಿನಲ್ಲಿ ಫೋಟೋದವನು ಗೀಚಿದ ಹೆಸರು, ಇಸವಿ. ತೆರೆದ ಪುಟ್ಟ ಪೆಟ್ಟಿಗೆ, ಅಗೆದ ಗುಂಡಿ, ಸುತ್ತ ಹನ್ನೆರಡು ಜನ. ತುದಿಯಲ್ಲಿ ಆರು ವರ್ಷದ ಓಲ್ಗ, ದೊಡ್ಡವರ ಕೋಟು ಹಾಕಿಕೊಂಡಿದ್ದಳು. ಅವರ ತಲೆಗಳ ಹಿಂದೆ ಚರ್ಚು, ಗಂಟೆಗೋಪುರ, ದೂರದ ಗುಡ್ಡದ ಕಚ್ಚು.

"ಕಂಬ ನೇರ ನೆಡೋನು ಕಣ್ಣಲ್ಲೇ ಗೆರೆ ಎಳೀತಾನೆ," ಎಂದ. "ಇಲ್ನೋಡಿ. ಗೋಪುರದ ಎಡಗಂಬ ಗುಮ್ಮಟದ ನಡುಮಧ್ಯಕ್ಕೆ ಬಿದ್ದಿದೆ. ನೀವು ಒಂದು ಹೆಜ್ಜೆ ಆಚೆ ಈಚೆ ಆದ್ರೆ ಬೀಳಲ್ಲ. ಅದೊಂದು ಗೆರೆ. ಈ ಕಡೆ ಚರ್ಚಿನ ಮೂಲೆ ಗುಡ್ಡದ ಕಚ್ಚಿಗೆ ಸರಿಯಾಗಿ ಕೂತಿದೆ. ಅದೊಂದು ಗೆರೆ. ಎರಡೂ ಒಟ್ಟಿಗೆ ಸರಿಹೋಗೋ ಜಾಗ ಇಡೀ ದಿಬ್ಬದಲ್ಲಿ ಒಂದೇ. ಫೋಟೋದವನು ಅಲ್ಲೇ ನಿಂತಿದ್ದ. ಜನರ ಎತ್ತರದಿಂದ ಲೆಕ್ಕ ಹಾಕಿದ್ರೆ ಅಲ್ಲಿಂದ ಗುಂಡಿಗೆ ಹದಿನಾರಡಿ."

ಡೆಜಾರ್ಲೆ ಅವನ ಮಾತನ್ನು ಹಾಗೇ ನಂಬಲಿಲ್ಲ, ನಂಬುವುದು ಅವನ ಕೆಲಸವೂ ಅಲ್ಲ. ವಿಲ್ಮಾಳಿಗೆ ಫಲಕವನ್ನು ಕೊಟ್ಟು, ವಾಸಿಲನನ್ನು ಜೀಪಿನಲ್ಲಿ ಬೇರೆ ಕಡೆಗೆ ಮುಖ ಮಾಡಿ ಕೂರಿಸಿ, ನೀವೇ ಹುಡುಕಿ ಎಂದ. ಆಕೆ ಕ್ಯಾಮೆರಾ ಹಿಡಿದು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯುತ್ತ ಇಪ್ಪತ್ತು ನಿಮಿಷ ಕಳೆದರು. 6.50ಕ್ಕೆ ನಿಂತರು. ಕ್ಯಾಮೆರಾದ ಪರದೆಯಲ್ಲಿ ಗೋಪುರದ ಕಂಬ ಗುಮ್ಮಟದ ನಡುವೆ ಬಿದ್ದಿತ್ತು, ಚರ್ಚಿನ ಮೂಲೆ ಗುಡ್ಡದ ಕಚ್ಚಿನಲ್ಲಿ ಕೂತಿತ್ತು. ಬ್ರೆಂಡಾ ಆಕೆಯ ಕಾಲಿನಿಂದ ಟೇಪು ಹಿಡಿದಳು. ಶಿಲುಬೆಯ ಬುಡಕ್ಕೆ ಹದಿನಾರಡಿ ಮೂರಂಗುಲ. ಉಳಿದೆರಡು ಶಿಲುಬೆಗಳೂ ಹೀಗೇ ತಾಳೆಯಾದವು.

ಡೆಜಾರ್ಲೆ ಅಜ್ಜಿಯ ಬಳಿ ಬಂದ. "ಕೇಳಿದ್ರಲ್ಲ ಅಜ್ಜಿ. ನಿಜ."

ಆಕೆ ಪಂಚನಾಮೆಗೆ ಸಹಿ ಹಾಕಿದಳು. ಪಾದ್ರಿ ಬೊಹ್ದಾನ್ ಸತ್ತವರ ಹೆಸರಿನ ಪಟ್ಟಿಯನ್ನು ಜೇಬಿನಿಂದ ತೆಗೆದು, ಪೆನ್ನು ಕೇಳಿ, ಮೂರು ಸಾಲು ಸೇರಿಸಿದರು.

*

ಫಲಕಗಳು ಮೊಕದ್ದಮೆಯ ವಸ್ತು. ಮುಗಿಯುವವರೆಗೆ ಠಾಣೆಯ ಕಪಾಟಿನಲ್ಲಿ ಬೀಗದೊಳಗೆ ಇರಬೇಕು. ಆದರೆ ವಶಪಡಿಸಿಕೊಂಡ ಪ್ರತಿ ವಸ್ತುವಿನ ಫೋಟೋ ತೆಗೆದು ಕಡತದಲ್ಲಿ ಇಡಬೇಕೆಂದೂ ನಿಯಮವಿದೆ. ಆ ಕೆಲಸಕ್ಕೆ ಡೆಜಾರ್ಲೆ ವಿಲ್ಮಾಳನ್ನು ಕರೆಸಿದ. ಆಕೆ ಎರಡು ದಿನ ಕುಳಿತು ಇಪ್ಪತ್ತಾರನ್ನೂ ತೆಗೆದು, ಎರಡು ಪ್ರತಿ ಮಾಡಿದರು. ಎರಡನೆಯ ಪ್ರತಿ ಯಾರಿಗೆ ಎಂದು ಬ್ರೆಂಡಾ ಕೇಳಲಿಲ್ಲ.

ವಾಸಿಲನನ್ನು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿದ್ದರು. ಷರತ್ತನ್ನು ಟೈಪು ಮಾಡಿದವನು ಡೆಜಾರ್ಲೆಯೇ: ಸ್ಮಶಾನ ಸಮಿತಿಯ ಅಧ್ಯಕ್ಷೆ ಶ್ರೀಮತಿ ಓಲ್ಗ ಹ್ರಿಟ್ಸಾಕ್ ಜೊತೆಗಿಲ್ಲದೆ ಆರೋಪಿಯು ಜೆಲೆನಾ ಸ್ಮಶಾನವನ್ನು ಪ್ರವೇಶಿಸತಕ್ಕದ್ದಲ್ಲ.

ಕಡತ ಮುಚ್ಚುವ ಮೊದಲು ಬ್ರೆಂಡಾ ವಾಸಿಲನ ಕೊಟ್ಟಿಗೆಯಲ್ಲಿ ಸಿಕ್ಕ ಕಾಗದಗಳನ್ನು ಒಂದೊಂದಾಗಿ ಪಟ್ಟಿ ಮಾಡಿದಳು. ಅವುಗಳಲ್ಲಿ ಮ್ಯೂಸಿಯಮ್ಮಿನ ಒಂದು ಅರ್ಜಿಯಿತ್ತು, ಹಳೆಯ ಫೋಟೋಗಳನ್ನು ನೋಡಲು ಕೊಡಬೇಕಾದದ್ದು. ತಾರೀಕು ಹೋದ ಸೆಪ್ಟೆಂಬರಿನದು. ಹೆಸರು ತುಂಬಿದ್ದ, ವಿಳಾಸ ತುಂಬಿದ್ದ, ಫೋನ್ ನಂಬರ್ ತುಂಬಿದ್ದ. 'ಉದ್ದೇಶ' ಎಂಬಲ್ಲಿ ಪೆನ್ನಿನ ಮೊನೆ ಊರಿದ ಒಂದು ಚುಕ್ಕೆ ಮಾತ್ರ ಇತ್ತು.

"ಇಷ್ಟು ಬರೆಯೋಕಾಗದೆ ಕದ್ದನಾ ಸರ್?"

"ಅಷ್ಟು ಹೇಳೋಕೆ ಐವತ್ತೆಂಟು ವರ್ಷ ಹಿಡೀತು," ಎಂದ ಡೆಜಾರ್ಲೆ.

ಜೂನ್ 10, ಭಾನುವಾರ, 11.15. ಜೆಲೆನಾ ದಿಬ್ಬದ ಮೇಲೆ ಒಂಬತ್ತು ಕಾರು. ಪಾದ್ರಿ ನಲವತ್ತನಾಲ್ಕು ಗೋರಿಗಳ ಮುಂದೆಯೂ ನಿಂತು ಹಾಡಿದರು. ಪಡುವಣ ಬೇಲಿಯ ಕಂಬದ ಕೆಳಗೆ ಈ ವರ್ಷ ರೊಟ್ಟಿ ಇರಲಿಲ್ಲ. ಅದು ಹದಿನೆಂಟು ಹೆಜ್ಜೆ ಈಚೆ, ನೀಲಿ-ಹಸಿರು ಗಾಜಿನ ಶಿಲುಬೆಯ ಬುಡದಲ್ಲಿ, ಬಿಳಿ ಬಟ್ಟೆಯ ಮೇಲೆ ಇತ್ತು.

ಎಲ್ಲರೂ ಚರ್ಚಿನ ನೆರಳಿನಲ್ಲಿ ಊಟಕ್ಕೆ ಕುಳಿತ ಮೇಲೂ ಇಬ್ಬರು ಮಾತ್ರ ಬರಲಿಲ್ಲ. ಡೆಜಾರ್ಲೆ ತಟ್ಟೆ ಹಿಡಿದುಕೊಂಡು ಆ ಕಡೆ ನೋಡಿದ. ವಾಸಿಲ್ ಒಂದು ಕೈಯಲ್ಲಿ ವಿಲ್ಮಾಳ ಫೋಟೋ ಹಿಡಿದು ಒಂದು ಕಣ್ಣು ಮುಚ್ಚಿ ಗುಮ್ಮಟವನ್ನು ದಿಟ್ಟಿಸುತ್ತಿದ್ದ. ಇಪ್ಪತ್ತಡಿ ಆಚೆ ಓಲ್ಗಜ್ಜಿ ಹುಲ್ಲಿನಲ್ಲಿ ದಾರದ ತುದಿ ಹಿಡಿದು ನಿಂತಿದ್ದಳು.

"ಇನ್ನೊಂಚೂರು ಎಡಕ್ಕೆ ಓಲ್ಗ."

"ನಿನ್ನ ಎಡವೋ ನನ್ನ ಎಡವೋ ಸರಿಯಾಗಿ ಬೊಗಳು. ಯಾರದಿದು?"

"ಹನ್ನಾ ಮೆಲ್ನಿಕ್. ಇಪ್ಪತ್ತಾರನೇ ಇಸವಿ."

"ಅವಳಾ!" ಅಜ್ಜಿ ದಾರ ಬಿಗಿ ಮಾಡಿ ಎಡಕ್ಕೆ ಸರಿದಳು. "ಹುಷಾರಾಗಿ ನೆಡು. ಅಮ್ಮ ಹೇಳ್ತಿದ್ದಳು, ಮಹಾ ಜಗಳಗಂಟಿ ಅಂತೆ."